5 ಲಕ್ಷದ ಕಾರ್ಡು, ನಾಲ್ಕು ಬಾಗಿಲು

(ಭಾಗ 1/10)

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮನೆಯಲ್ಲಿ ಬಿಪಿಎಲ್ ರೇಷನ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡೂ ಮಾಡಿಸಿದ್ದೀರ ಅಂದ್ಕೊಳ್ಳಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಗೋಡೆ ಮೇಲೆ, ಬಸ್ ಹಿಂದೆ, ಎಲ್ಲಾ ಕಡೆ ಓದಿದ್ದೀರ. ಈಗ ಹೇಳಿ, ಆ 5 ಲಕ್ಷ ಯಾರದ್ದು?

"ನಮ್ಮದೇ ತಾನೆ" ಅಂತ ಹೇಳೋರೇ ಜಾಸ್ತಿ. ಆದ್ರೆ ನೀವು ಆ ದುಡ್ಡನ್ನ ಮುಟ್ಟೋಕೆ ಆಗಲ್ಲ. ಎಲ್ಲಿ ಖರ್ಚಾಗಬೇಕು, ಯಾವ ಕಾಯಿಲೆಗೆ, ಎಷ್ಟು, ಯಾವಾಗ ಅನ್ನೋದನ್ನ ನೀವು ತೀರ್ಮಾನ ಮಾಡಲ್ಲ. ಅದು ಎಟಿಎಂ ಕಾರ್ಡ್ ಅಲ್ಲ. ಅದೊಂದು ಟೋಕನ್. ಟೋಕನ್ ಹಿಡ್ಕೊಂಡು ನಾಲ್ಕು ಬಾಗಿಲು ದಾಟಿದ್ರೆ ಮಾತ್ರ ಚಿಕಿತ್ಸೆ.

ಈ ಬಾಗಿಲು ಇಡೋ ವ್ಯವಸ್ಥೆಗೆ ಒಂದು ಹೆಸರಿದೆ: ಮ್ಯಾನೇಜ್ಡ್ ಕೇರ್. ಕನ್ನಡದಲ್ಲಿ 'ನಿರ್ವಹಿತ ಆರೈಕೆ' ಅನ್ನಬಹುದು, ಆದ್ರೆ ಯಾರೂ ಹಾಗೆ ಮಾತಾಡಲ್ಲ. ಸರಳವಾಗಿ ಹೇಳೋದಾದ್ರೆ, ದುಡ್ಡು ಕೊಡೋನು ಬಿಲ್ ಬಂದ ಮೇಲೆ ಸುಮ್ಮನೆ ಕಟ್ಟಲ್ಲ. ಬಿಲ್ ಬರೋಕೆ ಮುಂಚೆಯೇ ಎಲ್ಲಿಗೆ ಹೋಗಬೇಕು, ಏನು ಮಾಡಿಸಬೇಕು, ಎಷ್ಟು ಕೊಡಬೇಕು ಅನ್ನೋದನ್ನೆಲ್ಲ ತಾನೇ ನಿರ್ಧರಿಸ್ತಾನೆ.

ನಾನು ಬಿಕಾಂ ಓದ್ತಿದೀನಿ. ಡಾಕ್ಟರ್ ಅಲ್ಲ, ಆದ್ದರಿಂದ ಕಾಯಿಲೆ ಬಗ್ಗೆ ಮಾತಾಡಲ್ಲ. ಲೆಕ್ಕದ ಬಗ್ಗೆ ಮಾತಾಡ್ತೀನಿ. ನನ್ನ ವಾದ ಇಷ್ಟೇ: ಬಾಗಿಲು ಇರೋದು ತಪ್ಪಲ್ಲ. ಆದ್ರೆ ಬಾಗಿಲು ಕಾಯೋಕೆ ಜನ ಇಟ್ಟು, ಬಾಗಿಲು ದಾಟಿಸೋಕೆ ಜನ ಇಡದೇ ಇರೋದು ತಪ್ಪು. ಬನ್ನಿ, ಒಂದೊಂದಾಗಿ ನೋಡೋಣ.

(ಭಾಗ 2/10)

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಈ ವಿಷಯದಲ್ಲಿ ಕರ್ನಾಟಕ ಹೊಸಬ ಅಲ್ಲ.

2003ರಲ್ಲಿ ಯಶಸ್ವಿನಿ ಬಂತು. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ. ಡಾ. ದೇವಿ ಶೆಟ್ಟಿ ಅವರ ಯೋಚನೆ, ಸರ್ಕಾರದ ಬೆಂಬಲ. ಶುರುವಿನಲ್ಲಿ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದ್ರೆ ತಿಂಗಳಿಗೆ 5 ರೂಪಾಯಿ. ಹಾಲಿನ ಡೇರಿ ಇರೋ ಊರಿನವರಿಗೆ ಇದು ಚೆನ್ನಾಗಿ ನೆನಪಿರುತ್ತೆ.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಕಿಡ್ನಿ ಥರದ ದೊಡ್ಡ ಕಾಯಿಲೆಗಳಿಗೆ. ಮೊದಲು ಕಲಬುರಗಿ ವಿಭಾಗದಲ್ಲಿ ಶುರುವಾಗಿ ಆಮೇಲೆ ಉಳಿದ ಕಡೆ ಹೋಯ್ತು. ಇದನ್ನ ನಡೆಸಿದ್ದು ವಿಮಾ ಕಂಪನಿ ಅಲ್ಲ, ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

2018ರ ಮಾರ್ಚ್‌ನಲ್ಲಿ ಇಂಥ ಯೋಜನೆಗಳನ್ನೆಲ್ಲ ಸೇರಿಸಿ 'ಆರೋಗ್ಯ ಕರ್ನಾಟಕ' ಮಾಡಿದ್ರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೆಯಲ್ಲಿ ಎರಡೂ ಒಂದಾದವು. ಹೆಸರು ಆಮೇಲೂ ಬದಲಾಗಿದೆ, ಇನ್ನಷ್ಟು ಉದ್ದ ಆಗಿದೆ. ಒಳಗಿನ ಯಂತ್ರ ಮಾತ್ರ ಹೆಚ್ಚುಕಮ್ಮಿ ಅದೇ.

ಬಿಪಿಎಲ್‌ನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದದ್ದು ಅವರೇ ಕಟ್ಟಬೇಕು. ದುಡ್ಡು ಎಲ್ಲಿಂದ? 2011ರ ಸಾಮಾಜಿಕ-ಆರ್ಥಿಕ ಗಣತಿಯ ಪ್ರಕಾರ ಅರ್ಹರಾದ ಕುಟುಂಬಗಳ ಖರ್ಚಿನಲ್ಲಿ ಕೇಂದ್ರದ್ದು 60, ರಾಜ್ಯದ್ದು 40. ಆ ಪಟ್ಟಿಯ ಹೊರಗಿರೋ ಬಿಪಿಎಲ್ ಕುಟುಂಬಗಳ ಖರ್ಚು ಪೂರ್ತಿ ರಾಜ್ಯದ್ದು.

ಇಲ್ಲಿ ಒಂದು ಮಾತು ನೆನಪಿಟ್ಕೊಳ್ಳಿ. ನಮ್ಮಲ್ಲಿ ಪ್ರೀಮಿಯಂ ತಗೊಂಡು ಲಾಭ ಮಾಡೋ ಕಂಪನಿ ಮಧ್ಯದಲ್ಲಿ ಇಲ್ಲ. ಟ್ರಸ್ಟೇ ದುಡ್ಡು ಕೊಡುತ್ತೆ. ಇದು ಯಾಕೆ ಮುಖ್ಯ ಅಂತ ಐದನೇ ಭಾಗದಲ್ಲಿ ಗೊತ್ತಾಗುತ್ತೆ.

(ಭಾಗ 3/10)

ಈಗ ಆ ನಾಲ್ಕು ಬಾಗಿಲು.

ಮೊದಲನೇ ಬಾಗಿಲು: ಪಟ್ಟಿ. ನಿಮಗೆ ಇಷ್ಟ ಬಂದ ಆಸ್ಪತ್ರೆಗೆ ಹೋಗೋ ಹಾಗಿಲ್ಲ. ಯೋಜನೆಗೆ ನೋಂದಾಯಿಸಿರೋ ಆಸ್ಪತ್ರೆಗೇ ಹೋಗಬೇಕು. ಅದೂ ಆ ಆಸ್ಪತ್ರೆ ಯಾವ ವಿಭಾಗಕ್ಕೆ ನೋಂದಾಯಿಸಿದೆಯೋ ಅದಕ್ಕೆ ಮಾತ್ರ. ಮೂಳೆಗೆ ನೋಂದಾಯಿಸಿರೋ ಆಸ್ಪತ್ರೆ ಹೃದಯಕ್ಕೆ ನೋಂದಾಯಿಸಿರಬೇಕು ಅಂತೇನಿಲ್ಲ.

ಎರಡನೇ ಬಾಗಿಲು: ರೆಫರಲ್ ಚೀಟಿ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಸಿಗಲ್ಲ ಅಂದ್ರೆ ಅವರು ಚೀಟಿ ಬರೆದು ಕೊಡ್ತಾರೆ. ಆಗ ಖಾಸಗಿಗೆ ಹೋಗಬಹುದು. ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳು ಸಾಮಾನ್ಯವಾಗಿ ಸರ್ಕಾರಿಯಲ್ಲೇ ಆಗಬೇಕು. ಯೋಜನೆ ಶುರುವಾದಾಗ ಸುಮಾರು 1,650 ಚಿಕಿತ್ಸೆಗಳ ಪಟ್ಟಿ ಇತ್ತು, ಅದರಲ್ಲಿ 169 ತುರ್ತು ಚಿಕಿತ್ಸೆ. ತುರ್ತಿಗೆ ಚೀಟಿ ಬೇಡ, ನೇರ ಹೋಗಬಹುದು. ಇದನ್ನ ದಯವಿಟ್ಟು ಎರಡು ಸಲ ಓದಿ. ಆಕ್ಸಿಡೆಂಟ್ ಆಗಿರೋರನ್ನ, ಎದೆನೋವು ಬಂದಿರೋರನ್ನ ಇಟ್ಕೊಂಡು ಚೀಟಿಗಾಗಿ ಅಲೆಯೋ ಜನ ಈಗಲೂ ಇದ್ದಾರೆ.

ಮೂರನೇ ಬಾಗಿಲು: ಪೂರ್ವಾನುಮತಿ. ಆಸ್ಪತ್ರೆಯವರು ಪ್ರೀ-ಆಥ್ ಅಂತಾರೆ. ನಿಮ್ಮ ರಿಪೋರ್ಟು, ಸ್ಕ್ಯಾನು ಎಲ್ಲಾ ಆನ್‌ಲೈನಲ್ಲಿ ಹೋಗುತ್ತೆ, ಆ ಕಡೆ ಕೂತಿರೋ ವೈದ್ಯರು 'ಸರಿ' ಅನ್ನಬೇಕು. ಅಲ್ಲಿವರೆಗೂ ನೀವು ಬೆಂಚಿನ ಮೇಲೆ.

ನಾಲ್ಕನೇ ಬಾಗಿಲು ನಿಮ್ಮ ಕಣ್ಣಿಗೆ ಕಾಣಲ್ಲ: ಪ್ಯಾಕೇಜ್ ದರ. ಒಂದೊಂದು ಚಿಕಿತ್ಸೆಗೂ ಒಂದು ನಿಗದಿತ ಮೊತ್ತ. ಬೆಡ್ಡು, ಆಪರೇಷನ್, ಔಷಧಿ, ಊಟ ಎಲ್ಲಾ ಸೇರಿ ಇಷ್ಟೇ. ಆಯುಷ್ಮಾನ್ ನಿಯಮದಲ್ಲಿ ದಾಖಲಾಗೋಕೆ 3 ದಿನ ಮುಂಚಿನ ಖರ್ಚು, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಖರ್ಚು ಕೂಡ ಅದರಲ್ಲೇ ಬರುತ್ತೆ. ಈ ಬಾಗಿಲು ದಾಟಬೇಕಾದ್ದು ನೀವಲ್ಲ, ಆಸ್ಪತ್ರೆ. ಆದ್ರೆ ಆಸ್ಪತ್ರೆ ದಾಟೋಕೆ ಒಪ್ಪಲಿಲ್ಲ ಅಂದ್ರೆ ಹೊರಗೆ ಉಳಿಯೋದು ನೀವೇ.

(ಭಾಗ 4/10)

ಈ ಭಾಗ ಪೂರ್ತಿ ಲೆಕ್ಕ. ಕಾಮರ್ಸ್‌ನವರು ಎದ್ದು ಕೂತ್ಕೊಳ್ಳಿ, ಬೇರೆಯವರೂ ಓಡಬೇಡಿ.

ಕೆಳಗಿನ ಅಂಕಿ ಎಲ್ಲಾ ಉದಾಹರಣೆಗೆ ನಾನೇ ಹಾಕ್ಕೊಂಡಿದ್ದು, ನಿಜವಾದ ದರ ಅಲ್ಲ. ಒಂದು ಆಪರೇಷನ್‌ಗೆ ಪ್ಯಾಕೇಜ್ 20,000 ಅಂದ್ಕೊಳ್ಳಿ. ಆರೋಗ್ಯವಾಗಿರೋ 30 ವರ್ಷದವರು ಬಂದ್ರೆ ಆಸ್ಪತ್ರೆಗೆ ಖರ್ಚು 16,000. ಶುಗರ್, ಬಿಪಿ ಎಲ್ಲಾ ಇರೋ 65 ವರ್ಷದವರು ಬಂದ್ರೆ ನಾಲ್ಕು ದಿನ ಜಾಸ್ತಿ ಇರ್ತಾರೆ, ಖರ್ಚು 27,000. ಮೊದಲನೆಯವರಲ್ಲಿ 4,000 ಲಾಭ, ಎರಡನೆಯವರಲ್ಲಿ 7,000 ನಷ್ಟ.

ಈಗ ಆಸ್ಪತ್ರೆಯ ಮ್ಯಾನೇಜರ್ ಜಾಗದಲ್ಲಿ ಕೂತು ಯೋಚನೆ ಮಾಡಿ. ಯಾರಿಗೆ ಬೆಡ್ ಖಾಲಿ ಇರುತ್ತೆ? ಯಾರಿಗೆ "ಇಲ್ಲಿ ಸೌಲಭ್ಯ ಇಲ್ಲ, ದೊಡ್ಡಾಸ್ಪತ್ರೆಗೆ ಹೋಗಿ" ಅನ್ನೋ ಉತ್ತರ ಸಿಗುತ್ತೆ?

ಹಾಗಾದ್ರೆ ಪ್ಯಾಕೇಜ್ ತೆಗೆದುಬಿಡಬೇಕಾ? ತೆಗೆದ್ರೆ ಏನಾಗುತ್ತೆ ಅಂತಲೂ ನೋಡಿ. ಎಷ್ಟು ಬಿಲ್ ಮಾಡಿದ್ರೂ ಸರ್ಕಾರ ಕಟ್ಟುತ್ತೆ ಅಂದ್ರೆ, ಬೇಡದ ಟೆಸ್ಟು, ಬೇಡದ ಸ್ಕ್ಯಾನು, ಬೇಡದ ಐಸಿಯು. ಕೈಯಿಂದ ಕಟ್ಟೋ ಜನಕ್ಕೇ ಇದು ಆಗ್ತಿದೆ, ಇನ್ನು ಕೇಳೋರೇ ಇಲ್ಲದ ಸರ್ಕಾರಿ ದುಡ್ಡಿಗೆ ಆಗಲ್ವಾ?

ಅಂದ್ರೆ ದುಡ್ಡು ಕೊಡೋ ವಿಧಾನ ಯಾವುದೇ ಇರಲಿ, ಅದಕ್ಕೊಂದು ಚಪಲ ಇರುತ್ತೆ. ಐಟಂ ಐಟಂ ಬಿಲ್ ಕಟ್ಟಿದ್ರೆ ಜಾಸ್ತಿ ಮಾಡೋ ಚಪಲ. ಪ್ಯಾಕೇಜ್ ಕೊಟ್ರೆ ಸುಲಭದ ಕೇಸ್ ಆರಿಸೋ ಚಪಲ. ಮೂರನೇ ವಿಧಾನ ಒಂದಿದೆ, ಅದನ್ನ ನೋಡೋಕೆ ಅಮೆರಿಕಕ್ಕೆ ಹೋಗಿ ಬರಬೇಕು.

(ಭಾಗ 5/10)

ಅಮೆರಿಕದಲ್ಲಿ ಬಡವರಿಗಾಗಿ ಇರೋ ಸರ್ಕಾರಿ ಆರೋಗ್ಯ ವಿಮೆ ಹೆಸರು ಮೆಡಿಕೇಡ್. 1965ರಲ್ಲಿ ಶುರು. ಅಲ್ಲೂ ಕೇಂದ್ರ ಮತ್ತು ರಾಜ್ಯ ಸೇರಿ ದುಡ್ಡು ಹಾಕ್ತಾವೆ, ನಮ್ಮ ಹಾಗೇ. ಅರಿಜೋನಾ ರಾಜ್ಯ ಎಲ್ಲರಿಗಿಂತ ಕೊನೆಗೆ, 1982ರಲ್ಲಿ ಸೇರ್ಕೊಂಡಿತು. ಸೇರಿದಾಗಲೇ ಮ್ಯಾನೇಜ್ಡ್ ಕೇರ್ ದಾರಿ ಹಿಡಿದಿತ್ತು. ಈಗ ಮೆಡಿಕೇಡ್‌ನಲ್ಲಿರೋ ಸುಮಾರು ಮುಕ್ಕಾಲು ಪಾಲು ಜನ ಇದೇ ವ್ಯವಸ್ಥೆಯಲ್ಲಿದ್ದಾರೆ.

ಅಲ್ಲಿ ಹೇಗೆ ಅಂದ್ರೆ, ರಾಜ್ಯ ಸರ್ಕಾರ ಒಂದು ಕಂಪನಿಗೆ ತಲೆಗಿಷ್ಟು ಅಂತ ಪ್ರತಿ ತಿಂಗಳು ದುಡ್ಡು ಕೊಡುತ್ತೆ. ಆ ಮನುಷ್ಯನಿಗೆ ಕಾಯಿಲೆ ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ. ಇದಕ್ಕೆ ಕ್ಯಾಪಿಟೇಶನ್ ಅಂತಾರೆ. (ನಮ್ಮ ಕಡೆ ಕ್ಯಾಪಿಟೇಶನ್ ಅಂದ್ರೆ ಮೆಡಿಕಲ್ ಸೀಟಿನ ಡೊನೇಶನ್ ನೆನಪಾಗುತ್ತೆ, ಇದು ಅದಲ್ಲ!) ಆ ದುಡ್ಡಲ್ಲಿ ಚಿಕಿತ್ಸೆ ಕೊಡಿಸೋ ಜವಾಬ್ದಾರಿ ಕಂಪನಿದು. ಉಳಿದ್ರೆ ಅವರದ್ದು, ಸಾಲದೇ ಇದ್ರೆ ನಷ್ಟವೂ ಅವರದ್ದೇ.

ಇದರ ಚಂದ ಏನು? ಜನ ಆರೋಗ್ಯವಾಗಿದ್ರೆ ಕಂಪನಿಗೆ ಲಾಭ. ಹಾಗಾಗಿ ಶುಗರ್ ಇರೋರಿಗೆ ಸರಿಯಾಗಿ ಮಾತ್ರೆ ಕೊಟ್ಟು, ಫೋನ್ ಮಾಡಿ ವಿಚಾರಿಸಿ, ಕಾಲು ಕತ್ತರಿಸೋ ಹಂತಕ್ಕೆ ಹೋಗದ ಹಾಗೆ ನೋಡ್ಕೊಂಡ್ರೆ ಕಂಪನಿಗೂ ಉಳಿತಾಯ.

ಇದರ ಅಪಾಯ ಏನು? ಚಿಕಿತ್ಸೆ ಬೇಡ ಅಂದ್ರೂ ಕಂಪನಿಗೆ ಲಾಭವೇ. ಆರೋಗ್ಯ ಕಾಪಾಡಿ ಉಳಿಸಿದ ರೂಪಾಯಿ, ಅನುಮತಿ ನಿರಾಕರಿಸಿ ಉಳಿಸಿದ ರೂಪಾಯಿ, ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಅಲ್ಲಿನ ಕೇಂದ್ರ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಕಚೇರಿ 2023ರಲ್ಲಿ ಒಂದು ವರದಿ ಕೊಟ್ಟಿತು. ಪರಿಶೀಲಿಸಿದ ಮೆಡಿಕೇಡ್ ಕಂಪನಿಗಳು 2019ರಲ್ಲಿ ಒಟ್ಟಾರೆ ಎಂಟು ಪೂರ್ವಾನುಮತಿ ಅರ್ಜಿಗಳಲ್ಲಿ ಒಂದನ್ನ ತಿರಸ್ಕರಿಸಿದ್ದವು. ಕೆಲವು ಕಂಪನಿಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು.

ಅದಕ್ಕೇ ಅಲ್ಲಿ ಲಗಾಮೂ ಇದೆ. 2016ರ ನಿಯಮದ ಪ್ರಕಾರ, ಕೊಟ್ಟ ದುಡ್ಡಲ್ಲಿ ಕಡಿಮೆ ಅಂದ್ರೂ 85 ಪರ್ಸೆಂಟ್ ಆರೈಕೆಗೇ ಹೋಗೋ ಹಾಗೆ ರಾಜ್ಯಗಳು ದರ ನಿಗದಿ ಮಾಡಬೇಕು.

ನಮ್ಮ ದೇಶಕ್ಕೆ ತಲೆ ಲೆಕ್ಕ ಹೊಸದಲ್ಲ. ಕೆಲವು ರಾಜ್ಯಗಳಲ್ಲಿ ಇಎಸ್‌ಐ ಪ್ಯಾನೆಲ್ ಡಾಕ್ಟರುಗಳಿಗೆ ತಮ್ಮ ಬಳಿ ನೋಂದಾಯಿಸಿದ ಕಾರ್ಮಿಕರ ತಲೆಗಿಷ್ಟು ಅಂತಲೇ ದುಡ್ಡು ಕೊಡೋದು. ಆಯುಷ್ಮಾನ್‌ನಲ್ಲಿ ಮಾತ್ರ ಅದಿಲ್ಲ, ಇರೋದು ಪ್ಯಾಕೇಜ್.

(ಭಾಗ 6/10)

ಇಷ್ಟು ಓದಿ "ಹಾಗಾದ್ರೆ ಈ ಯೋಜನೆನೇ ಮೋಸ" ಅಂತ ಕಾಮೆಂಟ್ ಹಾಕೋಕೆ ಹೋಗಬೇಡಿ. ಸ್ವಲ್ಪ ನಿಲ್ಲಿ.

ವಾಜಪೇಯಿ ಆರೋಗ್ಯಶ್ರೀ ಬಗ್ಗೆ ಒಂದು ಒಳ್ಳೆ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಮೊದಲು ಉತ್ತರದಲ್ಲಿ ಮಾತ್ರ ಇತ್ತಲ್ಲ, ಅದರಿಂದ ಗಡಿಯ ಈ ಕಡೆ ಆ ಕಡೆ ಇರೋ ಹಳ್ಳಿಗಳನ್ನ ಹೋಲಿಸೋಕೆ ಸಾಧ್ಯ ಆಯ್ತು. ಯೋಜನೆ ಇದ್ದ ಕಡೆ, ಅದರಡಿ ಬರೋ ಕಾಯಿಲೆಗಳಿಂದ ಬಡವರ ಸಾವು ಇನ್ನೊಂದು ಕಡೆಗಿಂತ 64 ಪರ್ಸೆಂಟ್ ಕಡಿಮೆ ಇತ್ತು. ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹೋಗೋ ದುಡ್ಡು 34 ಪರ್ಸೆಂಟ್ ಕಡಿಮೆ. ಇದು ಸಣ್ಣ ಮಾತಲ್ಲ. ಅಷ್ಟು ಮನೆಗಳಲ್ಲಿ ಯಾರದೋ ಅಪ್ಪ, ಯಾರದೋ ಅಮ್ಮ ಉಳ್ಕೊಂಡಿದ್ದಾರೆ.

ಬಾಗಿಲು ಸಡಿಲ ಬಿಟ್ರೆ ಏನಾಗುತ್ತೆ ಅನ್ನೋದಕ್ಕೂ ನಮ್ಮ ದೇಶದಲ್ಲೇ ಸಾಕ್ಷಿ ಇದೆ. 2008ರಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂತು, ಕುಟುಂಬಕ್ಕೆ 30,000 ರೂಪಾಯಿಯ ಸ್ಮಾರ್ಟ್ ಕಾರ್ಡ್. 2012ರ ಸುಮಾರಿಗೆ ಛತ್ತೀಸ್‌ಗಢ, ಬಿಹಾರಗಳಲ್ಲಿ ಆ ಕಾರ್ಡ್ ಇದ್ದ ಹೆಣ್ಣುಮಕ್ಕಳಿಗೆ ಬೇಡದಿದ್ರೂ ಗರ್ಭಕೋಶ ತೆಗೆದ ದೂರುಗಳು ದೊಡ್ಡ ಸುದ್ದಿ ಆದವು. ಕಾರ್ಡಿನಲ್ಲಿರೋ ದುಡ್ಡಿಗಾಗಿ ಹೆಂಗಸರ ಹೊಟ್ಟೆ ಕೊಯ್ಯೋದು ಅಂದ್ರೆ ಯೋಚನೆ ಮಾಡಿ. "ಯಾಕಪ್ಪಾ ಈ ಆಪರೇಷನ್?" ಅಂತ ಮುಂಚೆಯೇ ಕೇಳೋ ಗಟ್ಟಿ ಬಾಗಿಲು ಇದ್ದಿದ್ರೆ ಅಷ್ಟು ಸುಲಭ ಆಗ್ತಿರಲಿಲ್ಲ.

ಇನ್ನು 2023ರ ಸಿಎಜಿ ವರದಿ. ಆಯುಷ್ಮಾನ್ ದಾಖಲೆಯಲ್ಲಿ ಹತ್ತು ಒಂಬತ್ತುಗಳ ಒಂದೇ ಮೊಬೈಲ್ ನಂಬರ್‌ಗೆ ಸುಮಾರು 7.5 ಲಕ್ಷ ಫಲಾನುಭವಿಗಳು ಜೋಡಣೆ ಆಗಿದ್ದರು. ಸತ್ತುಹೋದವರು ಅಂತ ದಾಖಲಾದವರ ಹೆಸರಲ್ಲೂ ಆಮೇಲೆ ಚಿಕಿತ್ಸೆ ತೋರಿಸಿದ ಪ್ರಕರಣಗಳು ಇದ್ದವು. ಬಾಗಿಲು ಬೇಕು ಅನ್ನೋದಕ್ಕೆ ಇನ್ನೇನು ಬೇಕು?

ಹಾಗಾಗಿ ಬಾಗಿಲೇ ಬೇಡ ಅನ್ನೋರ ಜೊತೆ ನಾನಿಲ್ಲ. ಬಾಗಿಲು ಇದೆ, ಸಾಕು ಬಿಡಿ ಅನ್ನೋರ ಜೊತೆಗೂ ಇಲ್ಲ. ಯಾಕೆ ಅಂತ ಮುಂದಿನದರಲ್ಲಿ.

(ಭಾಗ 7/10)

ನಮ್ಮ ಬೀದಿಯಲ್ಲಿ ಗಾರೆ ಕೆಲಸ ಮಾಡೋ ಒಬ್ಬರು ಅಣ್ಣ ಇದ್ದಾರೆ. ಸೊಂಟದ ಕೀಲು ಸವೆದಿದೆ, ಆಪರೇಷನ್ ಮಾಡಿಸಬೇಕು ಅಂತ ಹೇಳಿದ್ರು. ಕಾರ್ಡ್ ಇತ್ತು. ಅವರ ಮನೆಯವರು, ಅಂದ್ರೆ ನಾವೆಲ್ಲ ಅಕ್ಕ ಅನ್ನೋರು, ಆ ಕಾರ್ಡನ್ನ ದೇವರ ಫೋಟೋ ಹಿಂದೆ ಜೋಪಾನವಾಗಿ ಇಟ್ಟಿದ್ರು.

ಮೊದಲನೇ ದಿನ ಒಂದು ಸರ್ಕಾರಿ ಆಸ್ಪತ್ರೆ. ಚೀಟಿ ಬರೆಯೋ ಡಾಕ್ಟರು ಮೀಟಿಂಗಿಗೆ ಹೋಗಿದ್ದರು, ನಾಳೆ ಬನ್ನಿ. ಎರಡನೇ ದಿನ ಡಾಕ್ಟರು ಸಿಕ್ಕಿದ್ರು, "ಇನ್ನೂ ದೊಡ್ಡ ಆಸ್ಪತ್ರೆಯಲ್ಲಿ ಇದಾಗುತ್ತೆ, ಅಲ್ಲಿಗೆ ಹೋಗಿ" ಅಂದ್ರು. ಮೂರನೇ ದಿನ ಆ ದೊಡ್ಡ ಆಸ್ಪತ್ರೆ. ಮಾಡ್ತೀವಿ, ಆದ್ರೆ ಸರದಿ ಇದೆ, ತಿಂಗಳುಗಟ್ಟಲೆ ಆಗುತ್ತೆ ಅಂದ್ರು. ಇಲ್ಲಿ ಆಗೋದ್ರಿಂದ ಖಾಸಗಿಗೆ ಚೀಟಿ ಬರಲ್ಲ. ಸರದಿ ಬರೋವರೆಗೂ ಕೆಲಸವೂ ಮಾಡೋ ಹಾಗಿಲ್ಲ.

ಲೆಕ್ಕ ಹಾಕಿ. ಅಕ್ಕನಿಗೆ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ, ಅಣ್ಣನಿಗೆ ಟಿಕೆಟ್. ಆಟೋ ಬೇರೆ, ಯಾಕಂದ್ರೆ ಸೊಂಟ ನೋವಿನವರು ಬಸ್‌ಸ್ಟ್ಯಾಂಡಿಂದ ನಡೆಯೋಕಾಗಲ್ಲ. ಅಕ್ಕನ ಮೂರು ದಿನದ ಕೂಲಿ ಹೋಯ್ತು. ಕೊನೆಗೆ ಅವರು ಕಿವಿಯೋಲೆ, ಸರ ಅಡ ಇಟ್ಟು, ಕಾರ್ಡ್ ಇಲ್ಲದವರ ಹಾಗೆ ಖಾಸಗಿಯಲ್ಲಿ ದುಡ್ಡು ಕಟ್ಟಿ ಮಾಡಿಸಿದ್ರು.

ಸರ್ಕಾರಿ ಲೆಕ್ಕದಲ್ಲಿ ಈ ಕೇಸ್ ಹೇಗೆ ಕಾಣುತ್ತೆ ಗೊತ್ತಾ? ಕಾಣೋದೇ ಇಲ್ಲ. ಯಾರೂ ತಿರಸ್ಕರಿಸಿಲ್ಲ, ಯಾರೂ ದೂರು ಕೊಟ್ಟಿಲ್ಲ, ಕ್ಲೇಮೂ ಬಂದಿಲ್ಲ. ಖರ್ಚು ಸೊನ್ನೆ. ಉಳಿತಾಯ ಆದ ಹಾಗೆ ಕಾಣುತ್ತೆ. ಆದ್ರೆ ಖರ್ಚು ಎಲ್ಲೂ ಹೋಗಿಲ್ಲ, ಟ್ರಸ್ಟ್‌ನ ಖಾತೆಯಿಂದ ಅಕ್ಕನ ಕಿವಿಯೋಲೆಗೆ ಬಂದು ಕೂತಿದೆ.

ನನ್ನ ತಕರಾರು ಇರೋದು ಇಲ್ಲೇ. ಬಾಗಿಲಿನ ಖರ್ಚನ್ನ ಬಡವರ ಕಾಲಿನ ಮೇಲೆ, ಕೂಲಿಯ ಮೇಲೆ ಹಾಕಿದ್ದೀವಿ. ರೆಫರಲ್ ಅನ್ನೋದು ಚೀಟಿ ಅಲ್ಲ, ಜವಾಬ್ದಾರಿ. "ಇಲ್ಲಿ ಆಗಲ್ಲ" ಅಂತ ಬರೆದ ಮೇಲೆ "ಎಲ್ಲಿ ಆಗುತ್ತೆ, ಯಾವತ್ತು ಆಗುತ್ತೆ" ಅಂತ ಬರೆಯೋದೂ ಅದೇ ಆಸ್ಪತ್ರೆಯ ಕೆಲಸ ಆಗಬೇಕು.

(ಭಾಗ 8/10)

ಎರಡನೇ ತಕರಾರು ಇನ್ನೂ ದೊಡ್ಡದು. ನಮ್ಮ ಮ್ಯಾನೇಜ್ಡ್ ಕೇರ್ ಮ್ಯಾನೇಜ್ ಮಾಡ್ತಿರೋದು ಬೆಡ್ಡನ್ನ, ಕಾಯಿಲೆಯನ್ನಲ್ಲ.

ಆಯುಷ್ಮಾನ್ ಇರೋದು ಆಸ್ಪತ್ರೆಗೆ ದಾಖಲಾಗೋ ಚಿಕಿತ್ಸೆಗೆ. ಸುಮ್ಮನೆ ಡಾಕ್ಟರ್‌ಗೆ ತೋರಿಸಿ ಬರೋ ಒಪಿಡಿ ಅದರಲ್ಲಿ ಇಲ್ಲ. ಈಗ ನಿಮ್ಮ ಮನೆಯ ಔಷಧಿ ಖರ್ಚು ನೆನಪು ಮಾಡ್ಕೊಳ್ಳಿ. ವರ್ಷಕ್ಕೊಂದು ಸಲ ಆಪರೇಷನ್ ಆಗುತ್ತಾ? ಇಲ್ಲ. ಪ್ರತಿ ತಿಂಗಳು ಶುಗರ್ ಮಾತ್ರೆ, ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ಮೂರು ತಿಂಗಳಿಗೊಂದು ರಕ್ತ ಪರೀಕ್ಷೆ. ದುಡ್ಡು ಸೋರೋದು ಅಲ್ಲಿ, ತೊಟ್ಟು ತೊಟ್ಟಾಗಿ.

ದೇಶದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿಂದ ಹೋಗೋ ಪಾಲು 2013-14ರಲ್ಲಿ 64.2 ಪರ್ಸೆಂಟ್ ಇತ್ತು, 2021-22ಕ್ಕೆ 39.4ಕ್ಕೆ ಇಳಿದಿದೆ. ಇಳಿದಿರೋದು ಒಳ್ಳೆಯದೇ. ಆದ್ರೂ ನೂರು ರೂಪಾಯಲ್ಲಿ ಸುಮಾರು 40 ಇನ್ನೂ ನಮ್ಮ ಜೇಬಿಂದಲೇ.

ಲೆಕ್ಕ ಉಲ್ಟಾ ಇರೋದು ನೋಡಿ. ಶುಗರ್ ಮಾತ್ರೆಗೆ ಯೋಜನೆಯಲ್ಲಿ ದುಡ್ಡಿಲ್ಲ. ಮಾತ್ರೆ ಬಿಟ್ಟು ಕಿಡ್ನಿ ಹೋದ ಮೇಲೆ ಡಯಾಲಿಸಿಸ್‌ಗೆ ದುಡ್ಡಿದೆ. ಸೋರೋ ಮನೆಗೆ ಹೆಂಚು ಹಾಕೋಕೆ ದುಡ್ಡು ಕೊಡದೇ, ಗೋಡೆ ಬಿದ್ದ ಮೇಲೆ ಕಟ್ಟಿಸಿಕೊಡ್ತೀನಿ ಅಂದ ಹಾಗೆ.

ಥಾಯ್ಲೆಂಡ್ ನೋಡಿ. 2002ರಲ್ಲಿ ಅವರು ಎಲ್ಲರಿಗೂ ಆರೋಗ್ಯ ರಕ್ಷಣೆ ತಂದ್ರು, ಒಂದು ಭೇಟಿಗೆ 30 ಬಾತ್ ಅನ್ನೋ ಹೆಸರಲ್ಲಿ. ಒಪಿಡಿಗೆ ತಲೆ ಲೆಕ್ಕದಲ್ಲಿ ದುಡ್ಡು, ಅದೂ ಜನ ನೋಂದಾಯಿಸಿರೋ ತಮ್ಮ ಜಿಲ್ಲೆಯ ಆಸ್ಪತ್ರೆ ಜಾಲಕ್ಕೆ. ದಾಖಲಾದ್ರೆ ಕಾಯಿಲೆ ಗುಂಪಿನ ಪ್ರಕಾರ ದರ, ಒಟ್ಟು ಬಜೆಟ್ಟಿಗೊಂದು ಮಿತಿ. ಅಂದ್ರೆ ಊರ ಹತ್ತಿರದ ಆಸ್ಪತ್ರೆಗೆ ತನ್ನ ಜನ ಯಾರು ಅಂತ ಗೊತ್ತು, ಅವರನ್ನ ಚೆನ್ನಾಗಿ ಇಟ್ಕೊಂಡ್ರೆ ತನಗೇ ಒಳ್ಳೇದು ಅಂತಲೂ ಗೊತ್ತು. ಅಲ್ಲೂ ಬಾಗಿಲು ಇದೆ. ಆದ್ರೆ ಬಾಗಿಲು ಇರೋದು ಮನೆ ಹತ್ತಿರ, ಕಾಯಿಲೆ ಸಣ್ಣದಿರುವಾಗಲೇ ತೆರೆಯುತ್ತೆ.

ನಮ್ಮಲ್ಲೂ ತುಂಡು ತುಂಡಾಗಿ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ನಗರಗಳಲ್ಲಿ ನಮ್ಮ ಕ್ಲಿನಿಕ್ ಇದೆ, ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡೋ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯ್ತು. ಆಶಾ ಅಕ್ಕಂದಿರು ಇದ್ದಾರೆ. ಆದ್ರೆ ಈ ಸಾಲಿಗೂ, ಆ 5 ಲಕ್ಷದ ಕಾರ್ಡಿಗೂ ಕೊಂಡಿ ಸಡಿಲ. ಇಲ್ಲಿ ಉಳಿಸಿದ ಕಿಡ್ನಿಗೆ ಅಲ್ಲಿ ಉಳಿದ ಡಯಾಲಿಸಿಸ್ ದುಡ್ಡು ಇಲ್ಲಿನ ಕೇಂದ್ರಕ್ಕೆ ವಾಪಸ್ ಬರಲ್ಲ.

(ಭಾಗ 9/10)

ಈಗ ಬರೋ ಮಾತು ನನಗೆ ಗೊತ್ತು. "ಫ್ರೀಯಾಗಿ ಸಿಗ್ತಿದೆ, ಮತ್ತೆ ದೂರು ಬೇರೆನಾ?"

ಫ್ರೀ ಅಲ್ಲ ಸ್ವಾಮಿ. ಬೆಂಕಿಪೊಟ್ಟಣ ಕೊಂಡ್ರೂ ತೆರಿಗೆ ಕಟ್ತೀವಿ. ಗಾರೆ ಕೆಲಸದವರು ಕೊಳ್ಳೋ ಸೋಪಿನಲ್ಲೂ ಜಿಎಸ್‌ಟಿ ಇದೆ. ಇದು ದಾನ ಅಲ್ಲ, ಮುಂಗಡ ಕಟ್ಟಿದ ದುಡ್ಡಿನ ಸೇವೆ.

ಇನ್ನೊಂದು ಮಾತು ಆಸ್ಪತ್ರೆಗಳ ಕಡೆಯಿಂದ ಬರುತ್ತೆ: "ದರ ಸಾಲಲ್ಲ, ದುಡ್ಡು ಲೇಟಾಗಿ ಬರುತ್ತೆ." ಇದನ್ನ ನಾನು ತಳ್ಳಿಹಾಕಲ್ಲ. ಆಯುಷ್ಮಾನ್ ನಿಯಮದಲ್ಲಿ ರಾಜ್ಯದೊಳಗಿನ ಕ್ಲೇಮ್ 15 ದಿನದಲ್ಲಿ ತೀರಬೇಕು. 2025ರ ಆಗಸ್ಟ್‌ನಲ್ಲಿ ಹರಿಯಾಣದ ಖಾಸಗಿ ಆಸ್ಪತ್ರೆಗಳು ಬಾಕಿ ಬರಲಿಲ್ಲ ಅಂತ ಈ ಯೋಜನೆಯ ಸೇವೆಯನ್ನೇ ನಿಲ್ಲಿಸಿದ್ವು. ವರ್ಕಿಂಗ್ ಕ್ಯಾಪಿಟಲ್ ಚಾಪ್ಟರ್ ಓದಿರೋ ಯಾರಿಗಾದ್ರೂ ಗೊತ್ತು, ಬಾಕಿ ಇಟ್ಕೊಂಡ ಗಿರಾಕಿಗೆ ಅಂಗಡಿಯವನು ಎಷ್ಟು ಮರ್ಯಾದೆ ಕೊಡ್ತಾನೆ ಅಂತ. ಸರ್ಕಾರ ಬಾಕಿ ಇಟ್ಟರೆ ಆ ಮುಖ ನೋಡಬೇಕಾದವರು ಕೌಂಟರ್ ಮುಂದೆ ನಿಂತ ರೋಗಿ.

ನಾನು ಕೇಳೋದು ಐದು.

ಒಂದು, ರೆಫರ್ ಮಾಡೋ ಆಸ್ಪತ್ರೆಯೇ ಮುಂದಿನ ಆಸ್ಪತ್ರೆಯಲ್ಲಿ ದಿನಾಂಕ ಗೊತ್ತು ಮಾಡಿ ಕೊಡಬೇಕು. ಇಷ್ಟು ದಿನದೊಳಗೆ ಸರ್ಕಾರಿಯಲ್ಲಿ ಆಗದಿದ್ರೆ ಚೀಟಿ ತಾನಾಗೇ ಖಾಸಗಿಗೆ ಹೋಗಬೇಕು. ಸರದಿಗೂ ಒಂದು ಗಡುವು ಇರಲಿ.

ಎರಡು, ಅನುಮತಿ ಕೊಡಲ್ಲ ಅಂದ್ರೆ ಕಾರಣ ಕನ್ನಡದಲ್ಲಿ, ಬರಹದಲ್ಲಿ, ರೋಗಿಯ ಕೈಗೆ. ಯಾರಿಗೆ ಮೇಲ್ಮನವಿ ಹಾಕಬೇಕು ಅಂತಲೂ ಅದರಲ್ಲೇ.

ಮೂರು, ಪ್ಯಾಕೇಜ್ ದರ ವಯಸ್ಸು, ಜೊತೆ ಕಾಯಿಲೆ ನೋಡಿ ಬದಲಾಗಬೇಕು, ಕಾಲಕಾಲಕ್ಕೆ ಪರಿಷ್ಕರಣೆ ಆಗಬೇಕು. 65ರ ಅಜ್ಜನಿಗೂ 30ರ ಹುಡುಗನಿಗೂ ಒಂದೇ ದರ ಅಂದ್ರೆ ಅಜ್ಜ ಹೊರಗೆ.

ನಾಲ್ಕು, ಬಿಟ್ಟುಹೋದವರನ್ನ ಎಣಿಸಬೇಕು. ಚೀಟಿ ಕೇಳಿದವರೆಷ್ಟು, ಚಿಕಿತ್ಸೆ ಆದವರೆಷ್ಟು, ಮಧ್ಯದಲ್ಲಿ ಕಾಣೆಯಾದವರೆಷ್ಟು. ಆದ ಚಿಕಿತ್ಸೆಗಳ ಸಂಖ್ಯೆ ಮಾತ್ರ ಜಾಹೀರಾತಿನಲ್ಲಿ ಹಾಕೋದು ಅರ್ಧ ಲೆಕ್ಕ. ಅರ್ಧ ಲೆಕ್ಕಕ್ಕೆ ನಮ್ಮ ಮೇಷ್ಟ್ರು ಅರ್ಧ ಮಾರ್ಕ್ಸೂ ಕೊಡಲ್ಲ.

ಐದು, ಮಾತ್ರೆಗೆ, ಒಪಿಡಿಗೆ ತಲೆ ಲೆಕ್ಕದ ದುಡ್ಡು, ಊರ ಆರೋಗ್ಯ ಕೇಂದ್ರಕ್ಕೆ. ಲಾಭದ ಕಂಪನಿ ಬೇಡ, ಟ್ರಸ್ಟೇ ಮಾಡಲಿ. ಅಮೆರಿಕದಿಂದ ತಲೆ ಲೆಕ್ಕ ತಗೊಳ್ಳೋಣ, ಅಲ್ಲಿನ 'ನಿರಾಕರಿಸಿ ಉಳಿಸೋ' ಚಾಳಿ ಬಿಡೋಣ.

ಇದಕ್ಕೆಲ್ಲ ದುಡ್ಡು ಬೇಕು, ನಿಜ. ಐದೂ ಒಂದೇ ವರ್ಷದಲ್ಲಿ ಆಗಲ್ಲ, ಅದೂ ನಿಜ. ಆದ್ರೆ ಎರಡನೇದಕ್ಕೂ ನಾಲ್ಕನೇದಕ್ಕೂ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಒಂದು ಕಾಲಂ ಜಾಸ್ತಿ ಇರೋ ರಿಜಿಸ್ಟರ್, ಒಂದು ಹಾಳೆ ಪ್ರಿಂಟ್ ಸಾಕು. ಅಲ್ಲಿಂದ ಶುರು ಮಾಡಬಹುದು.

(ಭಾಗ 10/10)

ಅದೆಲ್ಲ ಆಗೋವರೆಗೂ ನಾವು ಏನು ಮಾಡೋದು? ಈ ಭಾಗ ಸೇವ್ ಮಾಡ್ಕೊಳ್ಳಿ, ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ.

ಕಾಯಿಲೆ ಬರೋಕೆ ಮುಂಚೆ ಕಾರ್ಡ್ ಮಾಡಿಸಿ. ರೇಷನ್ ಕಾರ್ಡಿನಲ್ಲಿ ಎಲ್ಲರ ಹೆಸರಿದೆಯಾ, ಆಧಾರ್ ಜೊತೆ ಹೆಸರು ಹೊಂದುತ್ತಾ ನೋಡಿ. ಒಂದು ಅಕ್ಷರ ಆಚೀಚೆ ಆದ್ರೂ ಅದನ್ನ ಸರಿ ಮಾಡಿಸೋ ಸಮಯ ಆಸ್ಪತ್ರೆ ಬೆಂಚಿನ ಮೇಲೆ ಸಿಗಲ್ಲ.

ಮನೆ ಹತ್ತಿರ ಯಾವ ಆಸ್ಪತ್ರೆ ಯಾವ ವಿಭಾಗಕ್ಕೆ ನೋಂದಾಯಿಸಿದೆ ಅಂತ ಇವತ್ತೇ ವಿಚಾರಿಸಿ ಬರೆದಿಟ್ಕೊಳ್ಳಿ. ರಾಷ್ಟ್ರೀಯ ಸಹಾಯವಾಣಿ 14555.

ಆಸ್ಪತ್ರೆಗೆ ಹೋದ ಕೂಡಲೇ ಬಿಲ್ಲಿಂಗ್ ಕೌಂಟರಿಗೆ ಹೋಗಬೇಡಿ. ಮೊದಲು ಆರೋಗ್ಯ ಮಿತ್ರ ಎಲ್ಲಿ ಅಂತ ಕೇಳಿ. ಈ ಯೋಜನೆಯ ಕೆಲಸಕ್ಕೇ ಇರೋ ಸಿಬ್ಬಂದಿ ಅವರು. ಕಾರ್ಡ್ ಇದೆ ಅಂತ ದಾಖಲಾಗೋಕೆ ಮುಂಚೆಯೇ ಹೇಳಿ, ಆಮೇಲಲ್ಲ.

ತುರ್ತು ಇದ್ರೆ ಚೀಟಿಗೆ ಕಾಯಬೇಡಿ.

"ಅಡ್ವಾನ್ಸ್ ಕಟ್ಟಿ, ಅಪ್ರೂವಲ್ ಬಂದ ಮೇಲೆ ವಾಪಸ್ ಕೊಡ್ತೀವಿ" ಅಂದ್ರೆ ರಸೀದಿ ಕೇಳಿ. ಬಿಪಿಎಲ್‌ನವರಿಗೆ ಪ್ಯಾಕೇಜ್ ಒಳಗಿರೋ ಚಿಕಿತ್ಸೆಗೆ ಕೈಯಿಂದ ತಗೊಳ್ಳೋ ಹಾಗಿಲ್ಲ. ರಸೀದಿ ಇಲ್ಲದೆ ಕೊಟ್ಟ ದುಡ್ಡಿನ ಬಗ್ಗೆ ಆಮೇಲೆ ಯಾರ ಹತ್ತಿರ ದೂರು ಹೇಳಿದ್ರೂ ಕಷ್ಟ.

"ಆಗಲ್ಲ" ಅಂತ ಬಾಯಲ್ಲಿ ಹೇಳಿದ್ರೆ, "ಮೇಡಂ, ಅದನ್ನೇ ಒಂದು ಹಾಳೆ ಮೇಲೆ ಬರೆದುಕೊಡಿ" ಅಂತ ಮೆತ್ತಗೆ ಕೇಳಿ. ಜಗಳ ಬೇಡ. ಬರಹದಲ್ಲಿ ಕೇಳಿದ ತಕ್ಷಣ ಎಷ್ಟೋ ಸಲ "ಇರಿ, ಸರ್‌ನ ಕೇಳ್ತೀನಿ" ಅನ್ನೋ ಮಾತು ಬರುತ್ತೆ.

ಡಿಸ್ಚಾರ್ಜ್ ದಿನ, ಮುಂದಿನ 15 ದಿನದ ಔಷಧಿ ಪ್ಯಾಕೇಜಿನಲ್ಲೇ ಬರುತ್ತೆ ಅನ್ನೋದು ನೆನಪಿರಲಿ. ಕೇಳಿ ತಗೊಳ್ಳಿ.

ಕಾಲೇಜಿಗೆ ಹೋಗೋ ನಮ್ಮಂಥವರಿಗೆ ಒಂದು ಮಾತು. ಬೀದಿಯಲ್ಲಿ ಯಾರಾದ್ರೂ ಈ ಕಾರ್ಡ್ ಹಿಡ್ಕೊಂಡು ಆಸ್ಪತ್ರೆಗೆ ಹೊರಟ್ರೆ ಜೊತೆಗೆ ಹೋಗಿ. ಫಾರಂ ಓದೋಕೆ, ಒಟಿಪಿ ನೋಡೋಕೆ, "ಯಾಕೆ?" ಅಂತ ಕೇಳೋಕೆ ಒಬ್ಬರು ಪಕ್ಕದಲ್ಲಿದ್ರೆ ಬಾಗಿಲು ಬೇಗ ತೆರೆಯುತ್ತೆ. ಇದು ಸರ್ಕಾರ ಮಾಡಬೇಕಾದ ಕೆಲಸ, ಖಂಡಿತ. ಅವರು ಮಾಡೋವರೆಗೂ ಕೇಳ್ತಾ ಇರೋಣ, ಜೊತೆಗೂ ಹೋಗ್ತಾ ಇರೋಣ.

ನಿಮ್ಮೂರಲ್ಲಿ ಯಾವ ಬಾಗಿಲಲ್ಲಿ ಜನ ಸಿಕ್ಕಿಹಾಕ್ಕೊಳ್ತಾರೆ? ಪಟ್ಟಿನಾ, ಚೀಟಿನಾ, ಅನುಮತಿನಾ, ದರನಾ? ಕಾಮೆಂಟಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ನಂಬರ್ ಹಾಕಿ ಸಾಕು. ಆಸ್ಪತ್ರೆ ಹೆಸರು, ರೋಗಿ ಹೆಸರು ಬೇಡ. ಬಂದದ್ದನ್ನೆಲ್ಲ ಕೂಡಿಸಿ ಮುಂದಿನ ಸರಣಿಯಲ್ಲಿ ಹಾಕ್ತೀನಿ. ಕಾಣೆಯಾದವರ ಲೆಕ್ಕ ಯಾರಾದ್ರೂ ಇಡಲೇಬೇಕಲ್ಲ.

#ಆರೋಗ್ಯದಲೆಕ್ಕ #ಆಯುಷ್ಮಾನ್ #ಆರೋಗ್ಯಕರ್ನಾಟಕ #ಕನ್ನಡದಲ್ಲಿಕಾಮರ್ಸ್